ಕೇಳಿದವರಿಗೆ ಮಾತ್ರ ಜೋಳ

ಭಾಂಡಾರದ ಗೋಡೆಗೆ ಆಕೆಯ ಫೋಟೋ ಹಾಕಬೇಕು ಎಂದು ಸಭೆಯಲ್ಲಿ ಎಲ್ಲರೂ ಕೈ ಎತ್ತಿದಾಗ ಎತ್ತದೆ ಕುಳಿತವಳು ನಾನೊಬ್ಬಳೇ. ಅಧ್ಯಕ್ಷೆಯಾದವಳೇ ಹೀಗೆ ಕುಳಿತರೆ ಚೆನ್ನಾಗಿ ಕಾಣುವುದಿಲ್ಲ ಎಂದು ಪಕ್ಕದವರು ಮೊಣಕೈಯಿಂದ ತಿವಿದರು. ಆದರೂ ಎತ್ತಲಿಲ್ಲ. ಫೋಟೋ ಬಂತು, ಮೊಳೆ ಹೊಡೆದರು, ಗಂಧದ ಹಾರ ಹಾಕಿದರು. ಯಾರದೋ ಮದುವೆಯಲ್ಲಿ ತೆಗೆದ ಫೋಟೋ ಅದು. ಅದರಲ್ಲಿ ಆಕೆ ನಗುತ್ತಿದ್ದಾಳೆ. ಆಕೆ ನಕ್ಕದ್ದನ್ನು ನಾನು ಒಮ್ಮೆಯೂ ನೋಡಿಲ್ಲವಾದ್ದರಿಂದ ಗೋಡೆಯ ಮೇಲಿರುವ ಹೆಂಗಸು ಯಾರೋ ನನಗೆ ಗುರುತು ಹತ್ತುವುದಿಲ್ಲ. ನನಗೆ ಗುರುತಿದ್ದವಳ ಬಗ್ಗೆ ಮಾತ್ರ ಬರೆಯಬಲ್ಲೆ.

ಶೋಕಸಭೆಯಲ್ಲಿ ಒಬ್ಬರಾದ ಮೇಲೆ ಒಬ್ಬರು ಎದ್ದು, ಆಕೆ ಹೊರಗೆ ಒರಟು, ಒಳಗೆ ಬೆಣ್ಣೆ ಎಂದರು. ನಾನು ಹತ್ತಿರದಿಂದ ಕಂಡಿದ್ದೇನೆ. ಒಳಗೂ ಒರಟೇ. ಎದುರಿಗೆ ಎಲ್ಲರಂತೆ ನಾನೂ ‘ಅಕ್ಕಾರ’ ಎಂದು ಕರೆಯುತ್ತಿದ್ದೆ, ‘ನೀವು’ ಎನ್ನುತ್ತಿದ್ದೆ. ಬರೆಯಲು ಕುಳಿತಾಗ ಮಾತ್ರ ಬಹುವಚನ ಕೊಡಲು ಕೈ ಬರುವುದಿಲ್ಲ.

ಮರಾಠಿ ಸೀಮೆಯ ಭೋಸರಿಯ ಕಾರ್ಖಾನೆಗಳಿಗೆ ಹೋಗಿಬರುವವರ ಕಾಲನಿ ನಮ್ಮದು. ಲಿಫ್ಟ್ ಇಲ್ಲದ ಹಳೆಯ ಕಟ್ಟಡಗಳು, ಮೂರು ಶಿಫ್ಟಿನ ಮನೆಗಳು. ಒಂದು ಮನೆಯಲ್ಲಿ ಬೆಳಗಿನ ಚಹಾ ಕುದಿಯುವಾಗ ಪಕ್ಕದ ಮನೆಯಲ್ಲಿ ರಾತ್ರಿ ಪಾಳಿ ಮುಗಿಸಿ ಬಂದವರು ಮಲಗಲು ಚಾದರ ಹಾಸುತ್ತಿರುತ್ತಾರೆ. ನಾನು ಧಾರವಾಡದಿಂದ ಮದುವೆಯಾಗಿ ಇಲ್ಲಿಗೆ ಬಂದವಳು. ಗಂಡ ಒಂದು ಬಿಡಿಭಾಗದ ಕಾರ್ಖಾನೆಯಲ್ಲಿ ಲೇತ್ ಮಶೀನಿನ ಮೇಲಿದ್ದರು. ನಾನು ಹತ್ತಿರದ ಶಾಲೆಯಲ್ಲಿ ಗಣಿತ ಹೇಳುತ್ತಿದ್ದೆ, ಸಂಜೆ ಮನೆಯಲ್ಲಿ ಟ್ಯೂಷನ್ ಮಾಡುತ್ತಿದ್ದೆ.

ಕಾಲನಿಯ ಹಿಂದೆ ಮುಚ್ಚಿಹೋದ ಹಿಟ್ಟಿನ ಗಿರಣಿಯ ತಗಡಿನ ಶೆಡ್ಡಿನಲ್ಲಿ ನಮ್ಮ ಭಾಂಡಾರ. ಸರಕಾರದ್ದಲ್ಲ, ಯಾವ ಸೇಠನದ್ದೂ ಅಲ್ಲ, ಕಾಲನಿಯ ಮನೆಗಳೇ ಸೇರಿ ಮಾಡಿಕೊಂಡದ್ದು. ವಿಜಾಪುರದ ಕಡೆಯ ರೈತರಿಂದ ನೇರವಾಗಿ ಜೋಳ ತರಿಸುತ್ತೇವೆ. ಕೊಲ್ಹಾಪುರದ ಬೆಲ್ಲ ಲಾರಿಯಲ್ಲಿ ಕಾತ್ರಜದವರೆಗೆ ಬರುತ್ತದೆ, ಅಲ್ಲಿಂದ ನಮ್ಮ ಟೆಂಪೊ. ಬುಧವಾರ ಮತ್ತು ಶನಿವಾರ ತರಕಾರಿ. ದೀಪಾವಳಿಗೆ ಮುಂಚೆ ಚಕ್ಕುಲಿಯ ಹಿಟ್ಟು ಹುರಿದು ಬೀಸಿಸುವ ಕೆಲಸ, ಸಂಕ್ರಾಂತಿಗೆ ಮುಂಚೆ ಎಳ್ಳು ಆರಿಸುವ ಕೆಲಸ. ಪ್ರತಿ ಮನೆಯಿಂದ ಒಬ್ಬರು ವಾರಕ್ಕೊಮ್ಮೆ ಬಂದು ಕೇರಬೇಕು, ಆರಿಸಬೇಕು, ತೂಗಬೇಕು. ಅದಕ್ಕೆ ನಾವು ಪಾಳಿ ಎನ್ನುತ್ತೇವೆ. ಕಾಳನ್ನು ತಂದ ದರಕ್ಕೇ ದುಡ್ಡು ಕೊಟ್ಟು ಒಯ್ಯಬೇಕು; ಪಾಳಿ ತಪ್ಪಿಸಿದ ಮನೆಗೆ ಆ ವಾರ ದುಡ್ಡು ಕೊಟ್ಟರೂ ಕಾಳಿಲ್ಲ. ಇದನ್ನೆಲ್ಲ ಮೊದಲು ಕಟ್ಟಿದವಳು ಆಕೆ. ಅದನ್ನು ನಾನು ಯಾವತ್ತೂ ಅಲ್ಲಗಳೆದಿಲ್ಲ.

ಆಕೆಯೂ ವಿಜಾಪುರದ ಕಡೆಯವಳೇ. ಇಲ್ಲಿನ ಒಂದು ದೊಡ್ಡ ಕಾರ್ಖಾನೆಯ ಕ್ಯಾಂಟೀನಿನಲ್ಲಿ ಸುಪರವೈಜರ್ ಆಗಿದ್ದು ನಿವೃತ್ತಳಾಗಿದ್ದಳು. ಮದುವೆಯಾಗಿರಲಿಲ್ಲ. ನೆಲಮಹಡಿಯ ಒಂದು ಖೋಲಿಯಲ್ಲಿ ಒಬ್ಬಳೇ ಇದ್ದಳು. ಒಂಬತ್ತು ಗಜದ ನೌವಾರಿ ಉಡದಿದ್ದರೂ ಸೀರೆಯನ್ನು ಮೊಣಕಾಲಿನ ತನಕ ಎತ್ತಿ ಸಿಕ್ಕಿಸಿಕೊಂಡೇ ಓಡಾಡುತ್ತಿದ್ದಳು. ಭಾಂಡಾರದಲ್ಲಿ ಕುರ್ಚಿಯ ಮೇಲೆ ಕೂತದ್ದು ನಾನು ನೋಡಿಲ್ಲ. ಏನನ್ನಾದರೂ ತೋರಿಸಬೇಕಾದರೆ ಬೆರಳಿನಿಂದಲ್ಲ, ಗದ್ದದಿಂದ ತೋರಿಸುತ್ತಿದ್ದಳು. ಗದ್ದ ಯಾರ ಕಡೆ ತಿರುಗಿತೋ ಅವರ ಎದೆ ಧಸಕ್ಕೆನ್ನುತ್ತಿತ್ತು. ಎಂಬತ್ತರ ಮುದುಕನಾಗಲಿ ಹೊಸ ಸೊಸೆಯಾಗಲಿ ಎಲ್ಲರಿಗೂ ‘ನೀ’. ಕನ್ನಡದವರಿಗೆ ಕನ್ನಡದಲ್ಲಿ, ಉಳಿದವರಿಗೆ ಮರಾಠಿಯಲ್ಲಿ ಬೈಗುಳ. ಮರಾಠಿಯ ಬೈಗುಳ ತುಸು ಉದ್ದ.

ಒಮ್ಮೆ ಚುನಾವಣೆಯ ಮುಂಚೆ ಒಬ್ಬ ಪುಢಾರಿಯ ಕಡೆಯವರು ಬಂದು ಅವನ ಮುಖ ಅಚ್ಚಾಗಿದ್ದ ಹೊಸ ಚೀಲಗಳ ಕಟ್ಟುಗಳನ್ನೇ ಇಳಿಸಿದರು. ಭಾಂಡಾರಕ್ಕೆ ಕಾಣಿಕೆಯಂತೆ. ಆಕೆ ಧನ್ಯವಾದ ಹೇಳಲಿಲ್ಲ, ಬೇಡ ಎನ್ನಲೂ ಇಲ್ಲ. ಅವರು ಅತ್ತ ಹೋದ ಮೇಲೆ ಪಾಳಿಯವರನ್ನೆಲ್ಲ ಕೂರಿಸಿ ಒಂದೊಂದು ಚೀಲವನ್ನೂ ಒಳಹೊರಗು ಮಾಡಿಸಿದಳು. ಮುಖ ಒಳಗೆ ಹೋಯಿತು. ಕಾಲನಿಯ ಜೋಳವೆಲ್ಲ ಆ ಮುಖದ ಮೇಲೆ ಬಿತ್ತು. ಆ ದಿನ ನಾವೆಲ್ಲ ಹೊಟ್ಟೆ ಹಿಡಿದು ನಕ್ಕೆವು. ಆಕೆ ಗದರಿದಳು: “ಹಲ್ಲ ಕಿಸೀಲಾಕ ಕರದಿಲ್ಲ. ಕೈ ನಡಸ್ರಿ.”

ಈಗ ಪೀಪಾಯಿಯ ವಿಷಯ ಹೇಳಬೇಕು. ಶೆಡ್ಡಿನ ಬಾಗಿಲಿನ ಬಳಿ ಒಂದು ನೀಲಿ ಪ್ಲಾಸ್ಟಿಕ್ ಪೀಪಾಯಿ ಇದೆ. ಯಾರೇ ಜೋಳ ಒಯ್ದರೂ ಅದರಿಂದ ಒಂದು ಹಿಡಿ ಆ ಪೀಪಾಯಿಗೆ ಹಾಕಿ ಹೋಗಬೇಕು. ಯಾರ ಮನೆಗೆ ಕಷ್ಟ ಬಂತೋ ಅವರು ಅದರಿಂದ ಒಯ್ಯಬಹುದು. ಹಿಂದಿರುಗಿಸಬೇಕಿಲ್ಲ. ಯಾರು ಎಷ್ಟು ಒಯ್ದರು ಎಂದು ಬರೆಯುವಂತಿಲ್ಲ. “ಬರದ್ರ ಅದು ಸಾಲ ಆಗ್ತದ” ಎನ್ನುತ್ತಿದ್ದಳು. ಆದರೆ ಒಂದು ಷರತ್ತಿತ್ತು. ಒಯ್ಯುವವರು ಶನಿವಾರದ ಸಾಲಿನಲ್ಲಿ ನಿಂತು, ಎಲ್ಲರಿಗೂ ಕೇಳುವಂತೆ, ತಾವೇ ಬಾಯಿಬಿಟ್ಟು ಕೇಳಬೇಕು. ಆಗ ಸಾಲಿನಲ್ಲಿದ್ದವರೆಲ್ಲ ಒಟ್ಟಾಗಿ “ಘ್ಯಾ” ಎನ್ನಬೇಕು. ಮರಾಠಿಯಲ್ಲಿ ತೆಗೆದುಕೊಳ್ಳಿ ಎಂದರ್ಥ. ಅಷ್ಟಾದ ಮೇಲೆ ಆಕೆ ಪೀಪಾಯಿಯ ಮುಚ್ಚಳ ತೆಗೆಯುತ್ತಿದ್ದಳು.

ಹೊಸದಾಗಿ ಬಂದಾಗ ನನಗೆ ಇದು ಚೆಂದದ ಪದ್ಧತಿ ಎನಿಸಿತ್ತು. ನಾನು “ಘ್ಯಾ” ಎನ್ನುವವರ ಸಾಲಿನಲ್ಲಿದ್ದೆನಲ್ಲ.

ಗಂಡನ ಕಾರ್ಖಾನೆ ಬೇರೆ ರಾಜ್ಯಕ್ಕೆ ಹೋಯಿತು. ಮಶೀನುಗಳು ಹೋದವು, ಮನುಷ್ಯರನ್ನು ಇಲ್ಲೇ ಬಿಟ್ಟರು. ನಾವು ಯಾರಿಗೂ ಹೇಳಲಿಲ್ಲ. ಅವರು ಎಂದಿನಂತೆ ಡಬ್ಬಿ ಹಿಡಿದು ಮನೆ ಬಿಡುತ್ತಿದ್ದರು, ಚಿಂಚವಾಡದ ಕಡೆ ಕೆಲಸ ಹುಡುಕಿಕೊಂಡು ಸಂಜೆಗೆ ಬರುತ್ತಿದ್ದರು. ನನ್ನ ಸಂಬಳ ಮನೆಯ ಕಂತಿಗೇ ಹೋಗುತ್ತಿತ್ತು. ನಾನು ಭಾಂಡಾರದಿಂದ ಒಯ್ಯುವ ಬೇಳೆ ಅರ್ಧ ಮಾಡಿದೆ. ಎಣ್ಣೆ ಬಿಟ್ಟೆ. ಯಾರಿಗೂ ತಿಳಿಯದು ಎಂದುಕೊಂಡೆ.

ಒಂದು ಶನಿವಾರ ಸಾಲಿನಲ್ಲಿ ನನ್ನ ಸರದಿ ಬಂತು. ಆಕೆಯ ಗದ್ದ ನನ್ನತ್ತ ತಿರುಗಿತು.

“ಟೀಚರಬಾಯಿ, ಬ್ಯಾಳಿ ಅರ್ಧಾ ಮಾಡೀದಿ, ಎಣ್ಣಿ ಬಿಟ್ಟೀದಿ. ಗಂಡನ ಕೆಲಸ ಹೋಗೇದೇನು?”

“ಹಂಗೇನಿಲ್ರೀ ಅಕ್ಕಾರ. ಮನ್ಯಾಗ ಹಳೇದು ಉಳದದ.”

“ಸುಳ್ಳ ಹೇಳಬ್ಯಾಡ. ಅವರ ಕಂಪನಿ ಗಂಟುಮೂಟಿ ಕಟ್ಟಿದ್ದು ಇಡೀ ಭೋಸರಿಗೆ ಗೊತ್ತದ. ಪೀಪಾಯಿ ಇಲ್ಲೇ ಅದ. ಬಾಯಿ ಬಿಟ್ಟು ಕೇಳು, ತಗೊಂಡು ಹೋಗು.”

ಆಕೆ ಸಾಲಿನ ಕಡೆ ತಿರುಗಿ ಅದನ್ನೇ ಮರಾಠಿಯಲ್ಲಿ ಇನ್ನೊಮ್ಮೆ ಹೇಳಿದಳು. ಕನ್ನಡ ಬಾರದವರಿಗೂ ತಿಳಿಯಲಿ ಎಂದು. ನನ್ನ ಹಿಂದೆ ನನ್ನ ಟ್ಯೂಷನ್ ಮಕ್ಕಳ ತಾಯಂದಿರಿದ್ದರು. ಒಬ್ಬಳು ನನ್ನ ಬೆನ್ನ ಮೇಲೆ ಕೈ ಇಟ್ಟಳು. ಆ ಕೈಯನ್ನು ಇವತ್ತಿಗೂ ಬೆನ್ನಿನಿಂದ ಕೊಡವಲು ಆಗಿಲ್ಲ. ನಾನು ಚೀಲವನ್ನು ಅಲ್ಲೇ ಬಿಟ್ಟು ಮನೆಗೆ ಬಂದೆ. ಬಾಗಿಲು ಹಾಕಿಕೊಂಡು ಅತ್ತೆ. ಅತ್ತದ್ದು ಕಷ್ಟಕ್ಕಲ್ಲ, ಸಿಟ್ಟಿಗೆ.

ಮುಂದಿನ ಶನಿವಾರಗಳು ನಾನು ಹೋಗಲಿಲ್ಲ. ಆಕೆಯೂ ಹೇಳಿ ಕಳಿಸಲಿಲ್ಲ, ಬಂದು ನೋಡಲಿಲ್ಲ. ಕೊನೆಗೆ ನನಗೆ ಹೇಳದೆ ಗಂಡನೇ ಹೋಗಿ ಸಾಲಿನಲ್ಲಿ ನಿಂತು ಬಂದರು. ಹೆಗಲ ಮೇಲೆ ಜೋಳದ ಚೀಲ.

“ಕೇಳಿದ್ರೇನು?” ಎಂದೆ.

“ಕೇಳಿದೆ.”

“ಎಲ್ಲಾರ ಮುಂದ?”

“ಹೂಂ. ಎಲ್ಲಾರೂ ಘ್ಯಾ ಅಂದ್ರು. ಮುಗೀತು. ಅದರಾಗ ಏನದ?”

ಅವರಿಗೆ ಅದರಲ್ಲಿ ನಿಜವಾಗಿಯೂ ಏನೂ ಇರಲಿಲ್ಲ. ಅವರು ಕಾರ್ಖಾನೆಯ ಮನುಷ್ಯ, ಸಾಲಿನಲ್ಲಿ ನಿಂತು ಬೆಳೆದವರು. ನಾನು ಆ ಜೋಳ ಬೀಸಿಸಿದೆ, ರೊಟ್ಟಿ ಬಡಿದೆ, ತಿಂದೆ. ರೊಟ್ಟಿ ಚೆನ್ನಾಗಿಯೇ ಇತ್ತು. ಆಕೆ ಅವರನ್ನು ಕಾತ್ರಜದಿಂದ ಬೆಲ್ಲ ತರುವ ಟೆಂಪೊದ ಮೇಲೆ ಹಾಕಿದಳು. ಅಲ್ಲೇ ಪರಿಚಯವಾದ ಒಬ್ಬರ ಮೂಲಕ ಪಿಂಪ್ರಿಯ ಒಂದು ವರ್ಕ್‌ಶಾಪಿನಲ್ಲಿ ಅವರಿಗೆ ಮತ್ತೆ ಲೇತ್ ಸಿಕ್ಕಿತು. ಆಕೆಯಿಂದ ನಮ್ಮ ಮನೆ ನಡೆಯಿತು ಎಂದು ಗಂಡ ಇವತ್ತಿಗೂ ಹೇಳುತ್ತಾರೆ. ಸರಿಯೇ. ಆದರೆ ಮನೆ ನಡೆಯುವುದಕ್ಕೆ ನನ್ನನ್ನು ಸಂತೆಯಲ್ಲಿ ನಿಲ್ಲಿಸಬೇಕಾಗಿರಲಿಲ್ಲ ಎಂದು ನಾನೂ ಇವತ್ತಿಗೂ ಹೇಳುತ್ತೇನೆ. ಈ ಜಗಳ ನಮ್ಮ ಮನೆಯಲ್ಲಿ ತೀರಿಲ್ಲ.

ನಾನು ಮತ್ತೆ ಪಾಳಿಗೆ ಹೋಗತೊಡಗಿದೆ. ಆಕೆಯೊಂದಿಗೆ ಬೇಕಾದಷ್ಟೇ ಮಾತು. ನಾನು ಕೇರಿದ ಅಕ್ಕಿಯನ್ನು ಆಕೆ ಮುಷ್ಟಿಯಲ್ಲಿ ಎತ್ತಿ ಬೆಳಕಿಗೆ ಹಿಡಿಯುತ್ತಿದ್ದಳು. ಏನೂ ಸಿಗದಿದ್ದರೆ ಮುಖ ಇನ್ನಷ್ಟು ಗಂಟಾಗುತ್ತಿತ್ತು.

ಆಕೆಯ ಖೋಲಿಯ ಮೇಲಿನ ಮಹಡಿಯಲ್ಲಿ ಗದಗಿನ ಕಡೆಯ ಒಬ್ಬ ವಿಧವೆ ಇದ್ದರು. ಬ್ಲೌಜು ಹೊಲಿದು ಬದುಕುವವರು. ನಾವೆಲ್ಲ ಅವರಿಗೆ ಕಾಕೂ ಎನ್ನುತ್ತಿದ್ದೆವು. ಮೆಲ್ಲಗೆ ಮಾತಾಡುವ, ಇಸ್ತ್ರಿ ಮಾಡಿದ ಸೀರೆಯಲ್ಲದೆ ಹೊರಗೆ ಬಾರದ ಹೆಂಗಸು. ಹೊಲಿಗೆ ಕಡಿಮೆಯಾಗುತ್ತ ಬಂತು, ಎಲ್ಲರೂ ರೆಡಿಮೇಡ್ ತರುವವರಾದರು. ಕಾಕೂ ತಮ್ಮ ಪಾಳಿ ಒಂದೂ ತಪ್ಪಿಸಲಿಲ್ಲ. ಬಂದು ಕಾಳು ಆರಿಸಿ ಕೊಡುತ್ತಿದ್ದರು, ಹೋಗುವಾಗ “ಈ ವಾರ ಬ್ಯಾಡ್ರೀ, ಮನ್ಯಾಗ ಅದ” ಎಂದು ಖಾಲಿ ಕೈಯಲ್ಲಿ ಹೋಗುತ್ತಿದ್ದರು. ಒಂದು ದಿನ ಮೆಟ್ಟಿಲ ಮೇಲೆ ಬಿದ್ದರು. ಆಸ್ಪತ್ರೆಗೆ ಒಯ್ದೆವು. ಹೊಟ್ಟೆಗೆ ಏನೂ ಇಲ್ಲ, ತುಂಬ ದಿನದಿಂದ ಹೀಗೇ ಇದ್ದಂತಿದೆ ಎಂದರು ಡಾಕ್ಟರು. ಅವರ ಮನೆಯ ಬೀಗ ತೆಗೆದು ಬಟ್ಟೆ ತರಲು ಹೋದವಳು ನಾನು. ಅಡುಗೆಕಟ್ಟೆಯ ಮೇಲೆ ಚಹಾಪುಡಿ, ಸಕ್ಕರೆ, ಅರ್ಧ ಪುಡಿಕೆ ಟೋಸ್ಟು. ಡಬ್ಬಿಗಳನ್ನೆಲ್ಲ ತಿಕ್ಕಿ ತೊಳೆದು ಬೋರಲು ಹಾಕಿದ್ದರು.

ಆ ಸಿಟ್ಟಿನಲ್ಲೇ ಇಳಿದು ಭಾಂಡಾರಕ್ಕೆ ಬಂದೆ. ಆಕೆ ಶೇಂಗಾದ ಚೀಲ ಬಿಚ್ಚುತ್ತಿದ್ದಳು. ನಾನು ನೋಡಿದ್ದನ್ನು ಹೇಳಿದೆ. ಆಕೆಯ ಕೈ ಒಂದು ಕ್ಷಣ ನಿಂತಿತು. ಆಮೇಲೆ ಹೇಳಿದಳು:

“ಕೇಳಬೇಕಿತ್ತು.”

“ಅಕ್ಕಾರ, ಕಾಕೂ ಕೇಳೂ ಪೈಕಿ ಅಲ್ಲ, ನಿಮಗ ಗೊತ್ತದ.”

“ಪೀಪಾಯಿ ಆಕಿ ಕಣ್ಣಮುಂದ ಇತ್ತು. ಹೊಟ್ಟಿ ಆಕೀದು, ಬಾಯಿ ಆಕೀದು. ಕೇಳಬೇಕಿತ್ತು.” ಚೀಲದ ದಾರ ಎಳೆದಳು. ಶೇಂಗಾ ಸುರಿಯಿತು.

ಆಸ್ಪತ್ರೆಗೆ ಆಕೆ ಬರಲಿಲ್ಲ. ಕಾಕೂ ಚೇತರಿಸಿಕೊಂಡರು. ಆದರೆ ಕಾಲನಿಗೆ ಮುಖ ತೋರಿಸಲಾರೆ ಎಂದು ಮೀರಜಿನ ತಂಗಿಯ ಮನೆಗೆ ಹೊರಟುಹೋದರು. ಹಸಿದದ್ದಕ್ಕೆ ಅವರು ನಾಚಿದರು. ಅವರನ್ನು ಹಾಗೆ ನಾಚಿಸಿದ ಪದ್ಧತಿಯನ್ನು ಇನ್ನು ಉಳಿಸಬಾರದು ಎಂದು ನಾನು ನಿಶ್ಚಯಿಸಿದೆ.

ಆ ವರ್ಷದ ಸಾಮಾನ್ಯ ಸಭೆಯಲ್ಲಿ ಅಧ್ಯಕ್ಷಸ್ಥಾನಕ್ಕೆ ಆಕೆಯ ವಿರುದ್ಧ ನಿಂತೆ. ಅಲ್ಲಿಯವರೆಗೆ ಯಾರೂ ನಿಂತಿರಲಿಲ್ಲ. ನಿಲ್ಲಬಹುದು ಎಂಬುದೇ ಯಾರಿಗೂ ಹೊಳೆದಿರಲಿಲ್ಲ. ಪೀಪಾಯಿಯಿಂದ ಒಯ್ಯುವವರು ಸಾಲಿನಲ್ಲಿ ಕೇಳಬೇಕಿಲ್ಲ, ಶೆಡ್ಡಿನ ಒಳಗಿನ ಸಣ್ಣ ಖೋಲಿಗೆ ಬಂದು ಒಬ್ಬರ ಕಿವಿಯಲ್ಲಿ ಹೇಳಿದರೆ ಸಾಕು, ಅಷ್ಟೇ ನನ್ನ ಬೇಡಿಕೆ ಎಂದೆ. ಆಕೆ ಎದ್ದು ನಿಂತಳು. ಮೊದಲು ಮರಾಠಿಯಲ್ಲಿ ಶುರು ಮಾಡಿದವಳು ಸಿಟ್ಟೇರಿದಂತೆ ಕನ್ನಡಕ್ಕೆ ಬಂದಳು, ನನ್ನನ್ನೇ ನೋಡುತ್ತ.

“ಕ್ಯಾಂಟೀನದಾಗ ನಾ ನೋಡೇನಿ. ಗುತ್ತಿಗಿ ಮಂದಿಗೆ ಉಳದ ಅನ್ನಾ ಹಿಂದಿನ ಬಾಗಲದಾಗ ಕೊಡ್ತಿದ್ರು. ಪೇಪರದಾಗ ಸುತ್ತಿ, ಯಾರಿಗೂ ಹೇಳಬ್ಯಾಡ ಅಂತ ಹೇಳಿ. ಒಂದ ದಿನ ಮಿಶಿನ್ನಾಗ ಒಬ್ಬಂದು ಕೈ ಹೋತು. ನೋಡಿದ್ದು ಹೇಳ್ರಿ ಅಂದ್ರ ಒಬ್ಬಾಂವನೂ ಬಾಯಿ ತಗೀಲಿಲ್ಲ. ಆ ಅನ್ನಾ ಅವರ ಬಾಯಿ ಹೊಲದಿತ್ತು. ಮುಚ್ಚಿ ಕೊಟ್ಟಿದ್ದು ಭಿಕ್ಷಾ. ನಾಕ ಮಂದಿ ಎದರಿಗೆ ಕೇಳಿ ತಗೊಂಡಿದ್ದು ಪಾಲು. ನಿಮಗೆಲ್ಲಾ ಪಾಲು ಬ್ಯಾಡಾಗೇದ, ಭಿಕ್ಷಾ ಬೇಕಾಗೇದ.”

ಆಕೆ ಹೇಳಿದ್ದು ಸುಳ್ಳಲ್ಲ ಎಂದು ನನಗೂ ಗೊತ್ತಾಯಿತು. ಆದರೂ ಎದ್ದೆ.

“ಅಕ್ಕಾರ, ಕಾಕೂ ಹಿಂದಿನ ಬಾಗಲಕ್ಕೂ ಬರಲಿಲ್ಲ, ಮುಂದಿನ ಬಾಗಲಕ್ಕೂ ಬರಲಿಲ್ಲ. ನಿಮ್ಮ ಪೀಪಾಯಿ ತುಂಬಿತ್ತು, ಅವರ ಡಬ್ಬಿ ಬೋರಲಿದ್ವು. ಬರೇ ಗಟ್ಟಿ ದನಿ ಇದ್ದವ್ರಿಗೆ ಅಷ್ಟೇ ಜ್ವಾಳಾ ಕೊಡೂದಾದ್ರ ಇದಕ್ಕ ಭಾಂಡಾರ ಅಂತ ಯಾಕ ಅನಬೇಕು?”

ಕೈ ಎತ್ತಿಸಿದರು. ನನ್ನ ಕಡೆ ಕೈಗಳು ಹೆಚ್ಚು ಬಂದವು. ಗಂಡ ಆಕೆಯ ಕಡೆ ಎತ್ತಿದರು, ನಾನು ನೋಡಿದೆ. ಆಕೆ ಸೊಂಟದಿಂದ ಶೆಡ್ಡಿನ ಕೀಲಿಕೈ ಬಿಚ್ಚಿ, ನನ್ನ ಕೈಗೆ ಕೊಡದೆ, ಮೇಜಿನ ಮೇಲೆ ಇಟ್ಟಳು. ನನಗೆ ಪಶ್ಚಾತ್ತಾಪವಾಗಲಿಲ್ಲ. ಈಗಲೂ ಇಲ್ಲ. ಮತ್ತೆ ಅಂಥ ಸಭೆ ನಡೆದರೆ ಮತ್ತೆ ನಿಲ್ಲುತ್ತೇನೆ.

ಇನ್ನು ಆಕೆ ಭಾಂಡಾರದ ಕಡೆ ತಲೆ ಹಾಕುವುದಿಲ್ಲ ಎಂದು ಎಲ್ಲರೂ ಅಂದುಕೊಂಡರು. ಮರುವಾರವೇ ಆಕೆ ತನ್ನ ಪಾಳಿಗೆ ಬಂದಳು. ಎಲ್ಲರ ನಡುವೆ ನೆಲದ ಮೇಲೆ ಕುಳಿತು ಮೊರ ಎಳೆದುಕೊಂಡಳು. ನಾನು ಹೇಳಿದ ಕೆಲಸ ಮಾಡಿದಳು. ಪಾಳಿ ಮುಗಿದ ಮೇಲೆ ಸಾಲಿನಲ್ಲಿ ನಿಂತು ತನ್ನ ಚೀಲ ಹಿಡಿದಳು, ಪೀಪಾಯಿಗೆ ಒಂದು ಹಿಡಿ ಹಾಕಿದಳು. ಪ್ರತಿ ವಾರ ಹೀಗೇ. ಅದು ದೊಡ್ಡತನ ಎಂದು ಶೋಕಸಭೆಯಲ್ಲಿ ಹೇಳಿದರು. ಆದರೆ ಪಾಳಿಯಲ್ಲಿ ಆಕೆಯ ಪಕ್ಕದಲ್ಲಿ ಕುಳಿತು ಬೈಗುಳ ಕೇಳಿಸಿಕೊಂಡವಳು ನಾನು. ಹುಣಿಸೆಹಣ್ಣು ಒದ್ದೆಯಾಗಿದೆ, ಚೀಲದ ಕಟ್ಟು ಸಡಿಲಾಗಿದೆ, ನೆಲ ಗುಡಿಸಿದವರಿಗೆ ಕಣ್ಣಿಲ್ಲ, ಬೆಲ್ಲದವನು ನಿನ್ನನ್ನು ನೋಡಿ ಮೋಸ ಮಾಡುತ್ತಿದ್ದಾನೆ. ಮೊರದ ಸದ್ದು ನಿಂತರೂ ಆಕೆಯ ಬಾಯಿ ನಿಲ್ಲುತ್ತಿರಲಿಲ್ಲ. “ಏನವಾ, ನಿನ್ನ ಕದ್ದುಮುಚ್ಚಿ ಖೋಲಿ ಹೆಂಗ ನಡದದ?” ಎಂದು ಎಲ್ಲರೆದುರು ಕೇಳುತ್ತಿದ್ದಳು.

ಖೋಲಿ ಚೆನ್ನಾಗಿಯೇ ನಡೆದಿತ್ತು. ನಾವು ಊಹಿಸಿರದ ಮನೆಗಳವರು ಬಂದರು. ಕಾರು ಇದ್ದವರು ಬಂದರು. ಗಂಡ ಕುಡಿದು ಹಾಳುಮಾಡಿದ್ದನ್ನು ತಾಯಿಗೂ ಹೇಳದ ಹೆಂಗಸು ಬಂದಳು. ಪೀಪಾಯಿ ಬೇಗ ಬೇಗ ತಳ ಕಂಡಿತು, ಒಂದು ಹಿಡಿಯನ್ನು ಎರಡು ಹಿಡಿ ಮಾಡಿದೆವು. ಒಂದು ಮಾತು ಮಾತ್ರ ಮುಚ್ಚಿಡಲಾರೆ. ನಮ್ಮ ಸಮಿತಿಯಲ್ಲಿದ್ದ ಒಬ್ಬಳು, ಪಾರ್ಕಿಂಗ್ ಜಗಳದಲ್ಲಿ ಎದುರಿನವಳ ಮುಖಕ್ಕೆ, “ನಿಮ್ಮ ಮನೆಯ ರೊಟ್ಟಿ ಯಾರ ಜೋಳದ್ದು ಅಂತ ನನಗೆ ಗೊತ್ತಿದೆ” ಎಂದುಬಿಟ್ಟಳು. ಅವಳನ್ನು ಅದೇ ವಾರ ಸಮಿತಿಯಿಂದ ತೆಗೆದೆ. ಸುದ್ದಿ ಆಕೆಗೂ ಮುಟ್ಟಿತ್ತು. ಆ ಶನಿವಾರ ಪಾಳಿಗೆ ಬಂದವಳು ಒಂದು ಮಾತೂ ಆಡಲಿಲ್ಲ, ನನ್ನನ್ನೊಮ್ಮೆ ನೋಡಿ ಮೊರ ಎಳೆದುಕೊಂಡಳು. ಬೈದಿದ್ದರೆ ಉತ್ತರ ಕೊಡಬಹುದಿತ್ತು.

ಆಮೇಲೆ ಆಕೆ ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಂಡಳು. ಆಪರೇಷನ್ ಆಯಿತು. ಕೂಡಿಟ್ಟದ್ದೆಲ್ಲ ಅದಕ್ಕೇ ಹೋಯಿತು ಎಂದು ನಂತರ ತಿಳಿಯಿತು. ಊರುಗೋಲು ಹಿಡಿದು ನಡೆಯುವಂತಾದ ಮೇಲೆ ಒಂದು ಶನಿವಾರ ಬಂದು ಸಾಲಿನಲ್ಲಿ ನಿಂತಳು. ಮುಂದೆ ಹೋಗಿ ಎಂದು ಜನ ದಾರಿ ಬಿಟ್ಟರೆ ಹೋಗಲಿಲ್ಲ. ಸರದಿ ಬರುವವರೆಗೂ ಒಂದು ಕಾಲಿನ ಮೇಲೆ ಭಾರ ಹಾಕಿ ನಿಂತೇ ಇದ್ದಳು. ತಕ್ಕಡಿಯ ಮುಂದೆ ನಾನಿದ್ದೆ.

“ಈ ತಿಂಗಳ ನನ್ನ ಕಡೆ ಏನೂ ಇಲ್ಲ,” ಎಂದಳು. ದನಿ ಶೆಡ್ಡಿನ ಆಚೆಯವರೆಗೂ ಹೋಗುವಂತಿತ್ತು. “ಪೀಪಾಯದಾಗಿನ ಪಾಲು ಕೊಡ್ರಿ.”

ಸಾಲಿನ ತಲೆಗಳೆಲ್ಲ ಇತ್ತ ತಿರುಗಿದವು.

“ಅಕ್ಕಾರ, ಒಳಗ ಬರ್ರಿ,” ಎಂದೆ ಮೆಲ್ಲಗೆ. “ಕೂತು ಮಾತಾಡೂಣು.”

“ಒಳಗೇನದ? ಜ್ವಾಳಾ ಇಲ್ಲೇ ಅದ.”

“ಈಗ ಹಂಗ ಕೇಳೂ ಪದ್ಧತಿ ಇಲ್ರೀ.”

“ನಾಚಿಕಿ ಇದ್ದವರ ಸಲುವಾಗಿ ನೀ ಪದ್ಧತಿ ಬದಲ ಮಾಡೀದಿ. ನನಗ ನಾಚಿಕಿ ಇಲ್ಲ. ಮಂದೀನ್ನ ಕೇಳು.”

ನಾನು ಸಾಲಿನತ್ತ ನೋಡಿದೆ. ಹೊಸಬರು ಬಹಳ ಮಂದಿ ಇದ್ದರು, ಅವರಿಗೆ ಹಳೆಯ ಪದ್ಧತಿ ಗೊತ್ತಿಲ್ಲ. ಹಳಬರು ನನ್ನ ಮುಖ ನೋಡುತ್ತಿದ್ದರು. ಯಾರೂ ಬಾಯಿ ತೆರೆಯಲಿಲ್ಲ. ಆಕೆ ಊರುಗೋಲಿನ ಮೇಲೆ ಎರಡೂ ಕೈ ಇಟ್ಟು ಕಾಯುತ್ತ ನಿಂತಳು. ಸೀರೆ ಅವತ್ತು ಪಾದದವರೆಗೂ ಇಳಿದಿತ್ತು. ಸುಳ್ಳು ಹೇಳುವುದಿಲ್ಲ, ಆ ಮೌನ ನನಗೆ ಹಿತವಾಗಿತ್ತು. ನಾನು ನಿಂತ ಜಾಗದಲ್ಲೇ ಆಕೆಯೂ ನಿಂತಿದ್ದಳು. ಈಗ ತಿಳಿಯಲಿ ಎಂದುಕೊಂಡೆ. ಆದರೆ ಆಕೆಯ ಮುಖ ನೋಡಿದರೆ ಅಲ್ಲಿ ನನ್ನ ಮುಖದಲ್ಲಿ ಅಂದು ಇದ್ದದ್ದು ಇರಲಿಲ್ಲ. ತಲೆ ತಗ್ಗಿರಲಿಲ್ಲ. ತನ್ನ ನಿಯಮ ಎಲ್ಲರಿಗೂ ಹೇರಿದ್ದಳು, ತನಗೆ ಬಂದಾಗಲೂ ಅದನ್ನೇ ಹೇರಿಕೊಂಡು ನಿಂತಿದ್ದಳು. ನನಗೆ ಬೇಕಾಗಿದ್ದ ಸೋಲು ಆಕೆಯಲ್ಲಿ ಇರಲೇ ಇಲ್ಲ. ಅದರಿಂದ ನನ್ನ ಸಿಟ್ಟು ಇನ್ನೂ ಏರಿತು.

ಕೊನೆಗೆ ಹಲ್ಲು ಕಚ್ಚಿ ನಾನೇ ಹೇಳಿದೆ: “ಘ್ಯಾ.”

“ಜೋರಾಗಿ ಹೇಳು,” ಎಂದಳು. “ಹಿಂದಿನವ್ರಿಗೆ ಕೇಳ್ಸಂಗಿಲ್ಲ.”

ಜೋರಾಗಿ ಹೇಳಿದೆ. ಆಗ ಸಾಲಿನವರೆಲ್ಲ ಹೇಳಿದರು, ಹೊಸಬರೂ ಸೇರಿ. ಪೀಪಾಯಿಯ ಮುಚ್ಚಳ ತೆಗೆದು ಆಕೆಯ ಚೀಲಕ್ಕೆ ಜೋಳ ಸುರಿದೆ. ಆಕೆ ಅದರಿಂದಲೂ ಒಂದು ಹಿಡಿ ತೆಗೆದು ಮತ್ತೆ ಪೀಪಾಯಿಗೆ ಹಾಕಿದಳು. ಧನ್ಯವಾದ ಹೇಳಲಿಲ್ಲ. ಆಕೆಯ ಹಿಂದೆ ನಿಂತಿದ್ದ ಒಬ್ಬ ಮನುಷ್ಯ, ವೆಲ್ಡರ್, ನನ್ನ ಖೋಲಿಗೆ ಎಂದೂ ಬಾರದವನು, ಗಂಟಲು ಸರಿಮಾಡಿಕೊಂಡು “ನನಗೂ ಈ ತಿಂಗಳು ಬೇಕು” ಎಂದ. ಅವನಿಗೂ ಘ್ಯಾ ಎಂದರು. ಅಂದಿನಿಂದ ನಮ್ಮಲ್ಲಿ ಎರಡೂ ನಡೆಯುತ್ತಿವೆ. ಸಾಲಿನಲ್ಲಿ ಕೇಳುವವರು ಸಾಲಿನಲ್ಲಿ ಕೇಳುತ್ತಾರೆ, ಖೋಲಿಗೆ ಬರುವವರು ಖೋಲಿಗೆ ಬರುತ್ತಾರೆ. ಎರಡರಲ್ಲಿ ಯಾವುದು ಸರಿ ಎಂದು ಹೊಸ ಸದಸ್ಯರು ಕೇಳಿದರೆ ನಾನು ಖೋಲಿಯನ್ನೇ ತೋರಿಸುತ್ತೇನೆ.

ಮಳೆಗಾಲ ಬರುವ ಹೊತ್ತಿಗೆ ಆಕೆಗೆ ಹಾಸಿಗೆಯಿಂದ ಏಳಲು ಆಗದಂತಾಯಿತು. ನಡೆಯಲಾರದವರಿಗೆ ಮನೆಗೆ ಮುಟ್ಟಿಸಬೇಕು ಎಂಬುದು ಆಕೆಯ ಕಾಲದ ನಿಯಮವೇ. ಪಾಳಿಯವರು ಸರದಿಯಲ್ಲಿ ಒಯ್ದು ಕೊಡುತ್ತಿದ್ದರು, ಒಬ್ಬರು ರೊಟ್ಟಿ ಮಾಡಿಕೊಟ್ಟು ಬರುತ್ತಿದ್ದರು. ಒಂದು ವಾರ ನನ್ನ ಸರದಿ ಬಂತು. ಬೇರೆಯವರನ್ನು ಕಳಿಸಬಹುದಿತ್ತು, ಕಳಿಸಲಿಲ್ಲ.

ಆಕೆಯ ಖೋಲಿಯಲ್ಲಿ ಒಂದು ಮಂಚ, ಒಂದು ಸ್ಟೋವು, ಗೂಟಕ್ಕೆ ಎರಡು ಸೀರೆ. ನಾನು ಸಾಮಾನು ಇಟ್ಟು ಸ್ಟೋವಿನ ಮೇಲೆ ಚಹಾಕ್ಕೆ ಇಟ್ಟೆ. ಆಕೆ ಹೊರಳಿ ಚೀಲದೊಳಗೆ ಕೈ ಹಾಕಿ, ಬೇಳೆ ಮುಟ್ಟಿ ನೋಡಿ, “ಯಾರು ಆರಿಸ್ಯಾರ ಇದನ್ನ?” ಎಂದಳು.

“ನಾನಽ.”

“ಅನಕೊಂಡೆ.”

ಚಹಾ ಕೊಟ್ಟೆ. ಆಕೆ ಕುಡಿಯಲಿಲ್ಲ, ಲೋಟವನ್ನು ಎದೆಯ ಮೇಲೆ ಹಿಡಿದುಕೊಂಡಿದ್ದಳು. ಮೇಲಿನ ಮಹಡಿಯಲ್ಲಿ ಯಾರೋ ಮಂಚ ಎಳೆದ ಸದ್ದಾಯಿತು. ಅಲ್ಲಿ ಈಗ ಬೇರೆ ಬಾಡಿಗೆಯವರಿದ್ದರು. ಆಕೆ ಸೂರನ್ನು ನೋಡಿದಳು.

“ಆ ಹೊಲಿಗಿ ಬಾಯಿ ಎಲ್ಲಿದಾಳ ಈಗ?”

ಅಷ್ಟು ದಿನದಲ್ಲಿ ಕಾಕೂನ ಸುದ್ದಿ ಆಕೆ ಎತ್ತಿದ್ದು ಅದೇ ಮೊದಲು.

“ಮೀರಜದಾಗ, ತಂಗಿ ಮನ್ಯಾಗ.”

“ಆರಾಮದಾಳೇನು?”

“ಅದಾರ.”

ಲೋಟದ ಅಂಚನ್ನು ಹೆಬ್ಬೆರಳಿನಿಂದ ತಿಕ್ಕಿದಳು. ಆಮೇಲೆ ಮತ್ತೆ ಅದೇ ಮಾತು, ಅದೇ ದನಿ: “ಕೇಳಬೇಕಿತ್ತು ಆಕಿ.”

ನನಗೆ ತಡೆಯಲಾಗಲಿಲ್ಲ. ರೋಗಿಯ ಮುಂದೆ ಆಡುವ ಮಾತಲ್ಲ, ಆದರೂ ಆಡಿದೆ.

“ನೀವೂ ಕೇಳಬೇಕಿತ್ತು, ಅಕ್ಕಾರ. ಉಂಡೀ ಏನು ಅಂತ ಅವರನ್ನ ಒಮ್ಮೆ ಕೇಳಬೇಕಿತ್ತು. ಬರೇ ಹತ್ತು ಮೆಟ್ಟಲಾ ಇದ್ವು.”

ಆಕೆಯ ಗದ್ದ ನನ್ನತ್ತ ತಿರುಗಿತು. ಬೈಗುಳಕ್ಕೆ ಕಾದೆ. ನನ್ನ ಬಳಿಯೂ ಉತ್ತರಗಳಿದ್ದವು, ಎಲ್ಲವನ್ನೂ ವರ್ಷಗಟ್ಟಲೆ ಹೊಂದಿಸಿಟ್ಟುಕೊಂಡಿದ್ದೆ. ಲೋಟ ಎದೆಯ ಮೇಲೆ ಅಲುಗಿ ಚಹಾ ಸೆರಗಿಗೆ ಚೆಲ್ಲಿತು. ನಾನು ಲೋಟ ತೆಗೆದುಕೊಂಡೆ, ಸೆರಗು ಒರೆಸಿದೆ. ಆಡಿದ ಮಾತನ್ನು ಮಾತ್ರ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.

ಹೊರಡಲು ಎದ್ದಾಗ ಆಕೆ ಗೋಡೆಯ ಕಡೆ ಹೊರಳಿದ್ದಳು.

“ಹೋಗ್ತೀನ್ರಿ,” ಎಂದೆ.

“ಹೋಗು,” ಎಂದಳು ಗೋಡೆಗೆ. ನಾನು ಹೊಸ್ತಿಲು ದಾಟುವಾಗ ಇನ್ನೊಂದು ಮಾತು ಬಂತು. ಎಷ್ಟು ಸಣ್ಣ ದನಿಯೆಂದರೆ ಆಕೆಯದೇ ಎಂದು ತಿಳಿಯಲು ನಾನು ನಿಲ್ಲಬೇಕಾಯಿತು.

“ಹದಿನಾಲ್ಕ ಇದ್ವು ಮೆಟ್ಟಲಾ.”